ನೀರು ಮುಟ್ಟದ ಲೈಸೆನ್ಸು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಕಾಲರ್ ಹಿಡಿಯಬಾರದು. ಇಡೀ ಫಿಲಿಪ್ಪೀನ್ಸಿನಲ್ಲಿ, ಬೇಕಾದರೆ ಏಳು ಸಾವಿರ ದ್ವೀಪ ಹುಡುಕಿಕೊಂಡು ಬನ್ನಿ, ಒಂದು ಹನಿ ನೀರು ಮುಟ್ಟದೆ ಮಾಲೀಶಿನ ಸರ್ಕಾರಿ ಲೈಸೆನ್ಸು ಗಿಟ್ಟಿಸಿಕೊಂಡವಳು ಒಬ್ಬಳೇ ಒಬ್ಬಳು. ನಮ್ಮ ಬಕಾವನ್ ಕೇರಿಯ ಯೋಲಿ. ಬೇರೆಯವರು ಬಾಯಿಪಾಠ ಹೊಡೆದು, ಸಂತರಿಗೆ ಮೇಣದಬತ್ತಿ ಹಚ್ಚಿ, ಹೇಗೋ ಪಾಸಾಗುತ್ತಾರೆ. ನಮ್ಮ ಯೋಲಿ ಪಾಸಾದಾಗ ಪರೀಕ್ಷಕಿಯೇ ಕುರ್ಚಿ ಬಿಟ್ಟು ಎದ್ದು ನಿಂತು ಕಣ್ಣು ಒರೆಸಿಕೊಂಡರು. ಹಿನ್ನೆಲೆ ಸಂಗೀತ ಒಂದಿರಲಿಲ್ಲ, ಉಳಿದದ್ದೆಲ್ಲ ಇತ್ತು. ನಂಬದವರು ಕೇರಿಯಲ್ಲಿ ಯಾರನ್ನಾದರೂ ಕೇಳಿ. ಹನ್ನೆರಡು ವರ್ಷದಿಂದ ಎಲ್ಲರೂ ಇದನ್ನೇ ಹೇಳಿಕೊಂಡು ಬಂದಿದ್ದಾರೆ.

ಆಗಿನ್ನೂ ಕೇರಿಗೆ ಸಿಮೆಂಟು ರಸ್ತೆ ಬಂದಿರಲಿಲ್ಲ. ಸಮುದ್ರ ಉಬ್ಬಿದ ದಿನ ನೀರು ಕಾಂಡ್ಲಾ ಗಿಡಗಳ ಬೇರು ದಾಟಿ ಯೋಲಿಯ ಮನೆಯ ಎರಡನೇ ಮೆಟ್ಟಿಲವರೆಗೆ ಬರುತ್ತಿತ್ತು. ಮೈಕೈ ನೋವಿನವರು ಚಪ್ಪಲಿ ಕೈಯಲ್ಲಿ ಹಿಡಿದು, ಕುಂಟುತ್ತಾ, ನೀರಿನಲ್ಲಿ ಪಚಪಚ ಎಂದು ನಡೆದು ಬರುತ್ತಿದ್ದರು. ವಾಪಸು ಹೋಗುವಾಗ ಕುಂಟುತ್ತಿರಲಿಲ್ಲ. ಅದು ಯೋಲಿಯ ಅಜ್ಜಿಯ ಕೈಗುಣ. ಅಜ್ಜಿಯಂದಿರನ್ನು ನಮ್ಮಲ್ಲಿ ಲೋಲಾ ಎನ್ನುತ್ತಾರೆ. ಕೇರಿಗೆಲ್ಲ ಆಕೆ ಲೋಲಾ ಇಸಿಂಗ್. ಎಪ್ಪತ್ನಾಲ್ಕು ವರ್ಷ, ಸೊಳ್ಳೆಯಂಥ ಮೈ, ಲೌಡ್‌ಸ್ಪೀಕರಿನಂಥ ಬಾಯಿ.

ಲೋಲಾಳ ಎಣ್ಣೆ ಅಂಗಡಿಯದಲ್ಲ. ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ದಿನ, ಮಾತಾಡದೆ ತೆಂಗಿನ ಹಾಲು ಕಾಯಿಸಿ ತೆಗೆದದ್ದು. ಆ ದಿನ ಯಾರಾದರೂ ಮಾತಾಡಿದರೆ ಎಣ್ಣೆಯ ಶಕ್ತಿ ಹೋಯಿತು ಎಂದು ಲೆಕ್ಕ. ಲೋಲಾ ಬಾಯಿ ಮುಚ್ಚಿಕೊಂಡಿರುವುದನ್ನು ನೋಡಲು ಕೇರಿಯ ಹೆಂಗಸರು ನೆಪ ಮಾಡಿಕೊಂಡು ಬರುತ್ತಿದ್ದರು. ಎಣ್ಣೆ ಹಚ್ಚಿ, ಬಾಳೆಎಲೆಯ ಒಂದು ಸೀಳನ್ನು ಬೆನ್ನಿನ ಮೇಲೆ ಮೆಲ್ಲಗೆ ಜಾರಿಸುವುದು. ಎಲೆ ಸರಾಗವಾಗಿ ಜಾರಿದರೆ ಸರಿ. ಎಲ್ಲಿ ಅಂಟಿ ನಿಲ್ಲುತ್ತದೋ ಅಲ್ಲೇ ಉಳುಕು.

ಆದರೆ ಆ ಹೊತ್ತಿಗಾಗಲೇ ಲೋಲಾಳ ಕೈ ನಡುಗುತ್ತಿತ್ತು. ಎಲೆ ಅಂಟಿದ್ದು ಉಳುಕಿಗೋ, ನಡುಕಕ್ಕೋ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಯೋಲಿ ಹನ್ನೆರಡನೇ ವರ್ಷದಿಂದಲೇ ಅಜ್ಜಿಯ ಕೈಯಾದಳು. ಲೋಲಾ ಪಕ್ಕದಲ್ಲಿ ಕೂತು ಹೇಳುವುದು, ಯೋಲಿ ಮಾಡುವುದು. ಹತ್ತು ವರ್ಷ ಹೀಗೇ ನಡೆಯಿತು.

"ಲೋಲಾ, ಸೊಂಟ ಹಿಡ್ಕೊಂಡಿದೆ. ಬಲೆ ಎಳೀವಾಗ ಕಟಕ್ ಅಂತು," ಎಂದು ಮೀನುಗಾರ ಟಿಬೊ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದ.

"ಬಲೆ ಎಳೀವಾಗಲೋ, ಕೋಳಿ ಪಂದ್ಯದಿಂದ ಓಡಿ ಬರುವಾಗಲೋ?"

"ಬಲೆ ಲೋಲಾ, ದೇವರಾಣೆ."

"ಯೋಲಿ, ಎಲೆ ಎಡಕ್ಕೆ. ಇನ್ನೂ ಕೆಳಗೆ. ಹಾಂ, ನಿಂತ್ಕೊಳ್ತು ನೋಡು. ಇದು ಓಡಿ ಬಂದ ಸೊಂಟನೇ. ಬಲೆ ಎಳೆದ್ರೆ ಮೇಲೆ ಹಿಡಿಯುತ್ತೆ."

ಯೋಲಿ ಹೆಬ್ಬೆರಳು ಊರುತ್ತಾ, ಮಧ್ಯಾಹ್ನದ ಧಾರಾವಾಹಿಗಳ ಶ್ರೀಮಂತ ಅತ್ತೆಯ ದನಿಯಲ್ಲಿ ಹೇಳುತ್ತಿದ್ದಳು: "ಟಿಬೊ! ಇವತ್ತು ನಿನ್ನ ಸೊಂಟ ನನ್ನ ಕೈಯಲ್ಲಿದೆ. ನಾಳೆ ನಿನ್ನ ವಂಶ ನನ್ನ ಕಾಲಡಿ ಇರುತ್ತೆ!" ಟಿಬೊ ನಕ್ಕ. ನಕ್ಕ ಆ ಗಳಿಗೆಯಲ್ಲೇ ಕಟಕ್. ಉಳುಕು ಬಿಟ್ಟಿತು. ನಗಿಸಿ ಉಳುಕು ತೆಗೆಯುವುದು ಯೋಲಿಯ ಸ್ವಂತ ವಿದ್ಯೆ, ಲೋಲಾ ಕಲಿಸಿದ್ದಲ್ಲ.

ಎಲ್ಲ ಮುಗಿದ ಮೇಲೆ ಯೋಲಿ ಒಣ ಬಟ್ಟೆಯಲ್ಲಿ ಕೈ ಒರೆಸಿ, ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಸಂಜೆಯವರೆಗೆ ನೀರು ಮುಟ್ಟುವಂತಿಲ್ಲ. ಪಾತ್ರೆ ತೊಳೆಯುವಂತಿಲ್ಲ, ಅಕ್ಕಿ ತೊಳೆಯುವಂತಿಲ್ಲ. ದುಡಿದು ಬಿಸಿಯಾದ ಕೈಗೆ ತಣ್ಣೀರು ತಾಗಿದರೆ ನರ ಸೆಟೆದು ಕೈ ನಡುಗತೊಡಗುತ್ತದೆ. ಅದಕ್ಕೆ ಪಸ್ಮಾ ಎನ್ನುತ್ತಾರೆ. ಇದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಯೋಲಿಯ ಅಮ್ಮ ಸೆಂಡಾ ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು. ಅವಳೂ ಇಸ್ತ್ರಿ ಮುಗಿಸಿ ನೀರು ಮುಟ್ಟುತ್ತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದದ್ದು ಅಪ್ಪ ಡೋಮಿಂಗ್.

"ಮೂರು ಹೆಂಗಸರು, ಆರು ಕೈ, ಒಂದಕ್ಕೂ ನೀರು ಸೋಕೋ ಹಾಗಿಲ್ಲ," ಎಂದು ಅವನು ಹಿತ್ತಲಲ್ಲಿ ಬಾಣಲೆ ಉಜ್ಜುತ್ತಾ ಗೊಣಗುತ್ತಿದ್ದ. "ನಾನೂ ದಿನವಿಡೀ ಟ್ರೈಸಿಕಲ್ ಓಡಿಸ್ತೀನಪ್ಪ. ನನ್ನ ಕೈ ಬಿಸಿಯಾಗಲ್ವಾ?"

"ನಿಂದು ಇಂಜಿನ್ ಬಿಸಿ," ಎನ್ನುತ್ತಿದ್ದಳು ಲೋಲಾ. "ಅದಕ್ಕೆ ಪಸ್ಮಾ ಇಲ್ಲ. ಉಜ್ಜು."

ಗಲಾಟೆ ಶುರುವಾದದ್ದು ಒಂದು ಊಟದ ಹೊತ್ತಿನಲ್ಲಿ. ಹುಣಸೆ ಹುಳಿ ಹಾಕಿದ ಮೀನಿನ ಸಾರು, ಅನ್ನ. ಸೆಂಡಾ ಇಸ್ತ್ರಿಗೆ ತರುತ್ತಿದ್ದ ಹಾಸಿಗೆ ಬಟ್ಟೆಗಳಲ್ಲಿ ಅರ್ಧ ಸಮುದ್ರತೀರದ ಒಂದು ರೆಸಾರ್ಟಿನವು. ಅಲ್ಲಿ ಬೇಸಿಗೆಗೆ ಮಾಲೀಶು ಮಾಡುವ ಹುಡುಗಿ ಬೇಕಂತೆ. ತಿಂಗಳ ಸಂಬಳ, ಮಧ್ಯಾಹ್ನದ ಊಟ, ಸಮವಸ್ತ್ರ. ಆದರೆ ಸರ್ಕಾರದ ಲೈಸೆನ್ಸು ಕಡ್ಡಾಯ.

"ಯೋಲಿ ಸ್ಕೂಲಿಗೆ ಹೋಗ್ತಾಳೆ," ಎಂದಳು ಸೆಂಡಾ, ಮೀನಿನ ತಲೆಯನ್ನು ಅಮ್ಮನ ತಟ್ಟೆಗೆ ಹಾಕುತ್ತಾ. ಮೀನಿನ ತಲೆ ಲಂಚ. "ಮಾಲೀಶು ಸ್ಕೂಲಿಗೆ. ಲುಸೇನಾದಲ್ಲಿ. ಮೂರು ತಿಂಗಳು."

ಲೋಲಾ ಮೀನಿನ ತಲೆಯನ್ನು ವಾಪಸು ಸಾರಿಗೆ ಹಾಕಿದಳು. "ಮನೆಯಲ್ಲಿ ಬಾವಿ ಇಟ್ಕೊಂಡು ಪೇಟೆಗೆ ನೀರು ಕೊಳ್ಳೋಕೆ ಕಳಿಸ್ತೀಯ?"

"ನಿನ್ನ ಬಾವಿಗೆ ಸರ್ಕಾರದ ಸೀಲು ಇಲ್ವಲ್ಲಮ್ಮ!"

"ನೀನು ಹುಟ್ಟೋವಾಗ ಅಡ್ಡ ತಿರುಗಿದ್ದೆ. ಹೊಟ್ಟೆ ನೀವಿ ಸರಿ ಮಾಡಿದ್ದು ನನ್ನಮ್ಮ. ಸೀಲು ಕೇಳಿದ್ಯಾ ಆಗ?"

"ಆಗ ನಂಗೆ ಬಾಯಿ ಬಂದಿರ್ಲಿಲ್ಲ."

"ಬಂದಿದ್ರೆ ಕೇಳ್ತಿದ್ದೆ!"

ಡೋಮಿಂಗ್ ಮಧ್ಯೆ ಬಂದ. "ಅತ್ತೆ, ನನ್ನ ಗಾಡಿಗೂ ಲೈಸೆನ್ಸು ಇದೆ. ಅದಿದೆ ಅಂತ ಗಾಡಿ ಚೆನ್ನಾಗಿ ಓಡಲ್ಲ. ಪೊಲೀಸು ನಿಲ್ಲಿಸಿದಾಗ ತೋರಿಸೋಕೆ, ಅಷ್ಟೇ."

ಲೋಲಾ ಯೋಲಿಯತ್ತ ತಿರುಗಿದಳು. "ನಿಂಗೆ ಹೋಗ್ಬೇಕಾ?"

ಯೋಲಿಗೆ ತಮಾಷೆಯ ಡೈಲಾಗ್ ಬಾಯಿಯವರೆಗೆ ಬಂದು ನಿಂತಿತು. ಹತ್ತು ವರ್ಷ ಅವಳು ಅಜ್ಜಿಯ ಕೈಯಾಗಿದ್ದಳು. ತನ್ನ ಕೈ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. "ಹೋಗ್ಬೇಕು ಲೋಲಾ," ಎಂದಳು. ಬರೀ ಅಷ್ಟೇ.

ಲೋಲಾ ಬಹಳ ಹೊತ್ತು ಸಾರು ಕಲಕಿದಳು. ಆಮೇಲೆ ಎದ್ದು ಹೋಗಿ ಎಣ್ಣೆಯ ಬಾಟಲಿ ತಂದು ಅನ್ನದ ಪಾತ್ರೆಯ ಪಕ್ಕ ಇಟ್ಟಳು. "ಇದರ ಮೇಲೆ ಕೈ ಇಡು. ಅವರು ಏನೇ ಕಲಿಸ್ಲಿ, ಮಾಲೀಶು ಮುಗಿದ್ಮೇಲೆ ನೀರು ಮುಟ್ಟಲ್ಲ ಅಂತ ಆಣೆ ಮಾಡು. ಆಮೇಲೆ ಚಂದ್ರಲೋಕಕ್ಕೆ ಹೋಗು, ನಾನು ಕೇಳಲ್ಲ."

ಯೋಲಿ ಆಣೆ ಮಾಡಿದಳು. ಸ್ಕೂಲಿನ ಮೊದಲನೇ ದಿನವೇ, ಗೋಡೆಯ ಮೇಲಿನ ಮೊದಲನೇ ಚಾರ್ಟಿನಲ್ಲೇ ಬರೆದಿತ್ತು: ಮಾಲೀಶಿನ ಮೊದಲು ಕೈ ತೊಳೆಯಿರಿ. ಮಾಲೀಶಿನ ನಂತರ ಕೈ ತೊಳೆಯಿರಿ.

ಮೊದಲಿನದರಲ್ಲಿ ತೊಂದರೆ ಇರಲಿಲ್ಲ. ನಂತರದ್ದಕ್ಕೆ ಯೋಲಿ ಒಂದು ಉಪಾಯ ಮಾಡಿದಳು. ನಲ್ಲಿ ಜೋರಾಗಿ ಬಿಡುವುದು, ಟೀಚರಮ್ಮನಿಗೆ ಬೆನ್ನು ಹಾಕಿ ನಿಲ್ಲುವುದು, ಇಪ್ಪತ್ತರವರೆಗೆ ದೊಡ್ಡದಾಗಿ ಎಣಿಸುವುದು, ಕೈಯನ್ನು ಮಾತ್ರ ನೀರಿನಿಂದ ಒಂದು ಗೇಣು ದೂರ ಇಟ್ಟು ಉಜ್ಜುವುದು. ಜೊತೆಯ ಹುಡುಗಿಯರು ನಕ್ಕು ನಕ್ಕು ಸತ್ತರು. ಅವರಲ್ಲಿ ಮೂವರು ಮಾರನೇ ದಿನ ಅದನ್ನೇ ಮಾಡಿದರು. ಅವರ ಮನೆಗಳಲ್ಲೂ ಲೋಲಾಗಳಿದ್ದರು. "ಎಂಥಾ ಶುಚಿಯಾದ ಬ್ಯಾಚು!" ಎಂದು ಟೀಚರಮ್ಮ ಮೆಚ್ಚಿಕೊಂಡರು.

ಮೂರು ತಿಂಗಳಲ್ಲಿ ಯೋಲಿ ಬೆನ್ನಿನ ಮೂಳೆಗಳ ಹೆಸರು ಕಲಿತಳು. ಅವುಗಳನ್ನು ಟಿಬೊನ ಬೆನ್ನಿನ ಮೇಲೆ ಒಂದೊಂದಾಗಿ ಒತ್ತಿ ಕರೆದಾಗ, ಅವನು "ನನ್ನೊಳಗೆ ಇಷ್ಟು ಜನ ಇದ್ದಾರಾ?" ಎಂದ. ಲೋಲಾ ಕೇಳದವಳಂತೆ ಕೂತು, ಎಲೆ ಸೀಳುತ್ತಾ, ಕೊನೆಗೆ ತಡೆಯಲಾರದೆ ಕೇಳಿದಳು: "ಆ ಹೆಗಲ ಕೆಳಗಿನದಕ್ಕೆ ಏನಂತಾರೆ?" ಯೋಲಿ ಹೇಳಿದಳು. ಲೋಲಾ ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, "ಹೆಸರು ಗೊತ್ತಿಲ್ದೇನೇ ಐವತ್ತು ವರ್ಷ ಮಾತಾಡಿಸಿದೀನಿ ಅದನ್ನ," ಎಂದಳು.

ಬರೆಯುವ ಪರೀಕ್ಷೆ ಮುಗಿಯಿತು, ಯೋಲಿ ಪಾಸು. ಮಾಡಿ ತೋರಿಸುವ ಪರೀಕ್ಷೆಗೆ, ಮಾಲೀಶಿಗೆ ಮಲಗುವವರನ್ನು ನಾವೇ ಕರೆದುಕೊಂಡು ಹೋಗಬೇಕು. ಸೆಂಡಾ ಹೋದಳು. ಪರೀಕ್ಷಕಿ ಕನ್ನಡಕದ ಮೇಡಂ, ಕೈಯಲ್ಲಿ ಮೂವತ್ತು ಸಾಲುಗಳ ಹಾಳೆ. ಯೋಲಿ ಸೊಗಸಾಗಿ ಮಾಡಿದಳು. ಟಿಕ್, ಟಿಕ್, ಟಿಕ್. ಇಪ್ಪತ್ತೊಂಬತ್ತು ಸಾಲು. ಕೈ ತೊಳೆಯುವ ಬೇಸಿನ್ ಮಾತ್ರ ಮೇಡಂ ಕುರ್ಚಿಯ ಮುಂದೆಯೇ ಇತ್ತು. ಬೆನ್ನು ಹಾಕಿ ಎಣಿಸುವ ಆಟ ಅಲ್ಲಿ ನಡೆಯುವಂತಿರಲಿಲ್ಲ.

ಯೋಲಿ ಬೇಸಿನ್ ಕಡೆ ಒಂದು ಹೆಜ್ಜೆ ಇಟ್ಟು ನಲ್ಲಿ ತಿರುಗಿಸಿದಳು. ಆಣೆ ಮುರಿದೇಬಿಡೋಣ ಎಂದು ಮನಸ್ಸು ಮಾಡಿದ್ದಳೋ ಏನೋ. ಅಷ್ಟರಲ್ಲಿ, ಟೇಬಲಿನ ಮೇಲೆ ಬೋರಲು ಮಲಗಿ ಅರೆನಿದ್ದೆಯಲ್ಲಿದ್ದ ಸೆಂಡಾ ನಲ್ಲಿಯ ಸದ್ದು ಕೇಳಿ ತಲೆ ಎತ್ತಿ ಕಿರುಚಿದಳು:

"ತೊಳೀಬೇಡ ಕಣೇ! ಕೈ ಬಿಸಿ ಇದೆ!"

ಯೋಲಿಯ ಎರಡೂ ಕೈ ತಾವಾಗಿಯೇ ಕಂಕುಳಿಗೆ ಹೋದವು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಕೈ ತೊಳೀದೇ ಇದ್ರೆ ಈ ಸಾಲೊಂದೇ ಅಲ್ಲಮ್ಮ, ಪೂರ್ತಿ ಫೇಲು. ಐದು ವಾರ ಬಿಟ್ಟು ಬಾ. ತಾಯಿಯನ್ನ ಕರ್ಕೊಂಡು ಬರಬೇಡ."

ಆ ದಿನ ಮನೆಯಲ್ಲಿ ಒಣಮೀನು ಸುಟ್ಟ ವಾಸನೆಗಿಂತ ಜೋರಾಗಿ ಮಾತು ಸುಟ್ಟಿತು.

"ಒಳ್ಳೇದಾಯ್ತು," ಎಂದಳು ಲೋಲಾ. "ಕಾಗದ ಹೋಯ್ತು, ಕೈ ಉಳೀತು."

"ನಿನ್ನಿಂದಾನೇ ಆಗಿದ್ದು!" ಸೆಂಡಾ ಚಮಚ ಕುಕ್ಕಿದಳು.

"ಕಿರುಚಿದೋಳು ನೀನು!"

"ನನ್ನ ಬಾಯಲ್ಲಿ ಕೂತ್ಕೊಂಡು ಕಿರುಚಿದ್ದು ನೀನು! ನಲವತ್ತಾರು ವರ್ಷದಿಂದ ನಲ್ಲಿ ಸದ್ದಾದ್ರೆ ಸಾಕು ನನ್ನ ಎದೆ ಹಾರುತ್ತೆ. ಯಾರು ಹಾಗೆ ಮಾಡಿದ್ದು? ಆರೋಗ್ಯ ಕೇಂದ್ರದ ಡಾಕ್ಟ್ರು ಹೇಳಿದಾರೆ, ನಿನ್ನ ಕೈ ನಡುಗೋದು ವಯಸ್ಸಿಗೆ, ನೀರಿಗಲ್ಲ ಅಂತ."

"ಆ ಡಾಕ್ಟ್ರಿಗೆ ಇಪ್ಪತ್ತೆಂಟು ವರ್ಷ. ವಯಸ್ಸಿನ ಬಗ್ಗೆ ಅವನಿಗೇನು ಗೊತ್ತು?"

"ಲೋಲಾ," ಎಂದಳು ಯೋಲಿ. "ರೆಸಾರ್ಟಿನವರು ಮುಂದಿನ ತಿಂಗಳ ಕೊನೇವರೆಗೆ ಜಾಗ ಇಟ್ಟಿರ್ತಾರಂತೆ. ಈ ಸಲ ನಾನು ತೊಳೀತೀನಿ."

ಡೋಮಿಂಗ್ ಅನ್ನದ ಪಾತ್ರೆ ಎತ್ತಿಕೊಂಡು ಸದ್ದಿಲ್ಲದೆ ಹಿತ್ತಲಿಗೆ ಹೋದ. ಸದ್ದಿಲ್ಲದೆ ಪಾತ್ರೆ ತೊಳೆಯುವುದು ಅವನಿಗೆ ಬರುತ್ತಿತ್ತು.

ಲೋಲಾ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ತನ್ನ ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟಳು. ಅವು ನಡುಗಿದವು, ತಟ್ಟೆ ಟಿಣಿಟಿಣಿ ಎಂದಿತು. "ನೋಡ್ಕೋ ಚೆನ್ನಾಗಿ. ನಂಗೆ ಇಪ್ಪತ್ತಾರು ವರ್ಷ ಆಗ. ಒಬ್ಬ ಬಾಣಂತಿಗೆ ಬೆಳಗಿಂದ ನೀವಿ ಬಂದೆ. ಬಂದ ತಕ್ಷಣ ನಮ್ಮತ್ತೆ ಬಟ್ಟೆ ಗಂಟು ಕೊಟ್ಟು ಹೊಳೆಗೆ ಓಡಿಸಿದ್ಲು. ಕೈ ಇನ್ನೂ ಕೆಂಡದ ಹಾಗಿತ್ತು. ಹೊಳೇಲಿ ಮುಳುಗಿಸ್ದೆ. ಅವತ್ತು ಏನೂ ಆಗ್ಲಿಲ್ಲ. ಮಾರನೇ ದಿನಾನೂ ಇಲ್ಲ. ಮೂವತ್ತೈದು ವರ್ಷ ಕಾದು ಬಂತು. ಪಸ್ಮಾಗೆ ಅವಸರ ಇಲ್ಲ."

ಮಾರನೇ ದಿನದಿಂದ ಲೋಲಾ ಬೇರೆ ಒಲೆ ಹೂಡಿದಳು. ಬೇರೆ ಎಂದರೆ ಅದೇ ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಒಂದು ಮಣ್ಣಿನ ಒಲೆ, ಒಂದು ಪುಟ್ಟ ಮಡಕೆ. ಯೋಲಿಯ ಜೊತೆ ಮಾತಿಲ್ಲ. ಹೇಳಬೇಕಾದದ್ದನ್ನು ಡೋಮಿಂಗ್ ಮೂಲಕ ಹೇಳುವುದು. ಯೋಲಿ ಎದುರಿಗೇ ಕೂತಿರುತ್ತಿದ್ದಳು.

"ಡೋಮಿಂಗ್, ನಿನ್ನ ಮಗಳಿಗೆ ಹೇಳು, ಹುಳಿಪುಡಿ ಡಬ್ಬಿ ಕೊಡ್ಲಿ."

"ಯೋಲಿ, ನಿಮ್ಮಜ್ಜಿ ಡಬ್ಬಿ ಕೇಳ್ತಿದಾಳೆ."

"ಅಪ್ಪ, ನಿಮ್ಮತ್ತೆಗೆ ಹೇಳು: ಡಬ್ಬಿ ಕೊಡ್ತೀನಿ, ಆದ್ರೆ ಈ ಅವಮಾನಕ್ಕೆ ಒಂದು ದಿನ ಉತ್ತರ ಕೊಡ್ತೀನಿ, ಈ ಮನೆಯ ಹೊಸ್ತಿಲ ಮೇಲೆ, ಮಳೆಯಲ್ಲಿ ನೆನೀತಾ!"

ಲೋಲಾಳ ತುಟಿ ಒಂದಿಷ್ಟು ಅದುರಿತು. ನಗಲಿಲ್ಲ. ಆದರೂ ಟಿಬೊ ಬಂದಾಗ, ದೋಣಿಯ ಹೆಂಗಸರು ಬಂದಾಗ, ಇಬ್ಬರೂ ಒಂದೇ ಚಾಪೆಯ ಎರಡು ಬದಿಗೆ ಕೂರುತ್ತಿದ್ದರು. "ಎಡಕ್ಕೆ" ಎಂದು ಲೋಲಾ ಬೆನ್ನಿಗೆ ಹೇಳಿದಂತೆ ಹೇಳುವುದು, ಯೋಲಿಯ ಕೈ ಎಡಕ್ಕೆ ಹೋಗುವುದು. ಆ ಒಂದು ಗಂಟೆ ಜಗಳ ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿತ್ತು.

ಯೋಲಿ ಮನೆಯ ಹಿಂದೆ, ಹಂದಿಗೂಡಿನ ಆಚೆ, ತಗಡಿನ ಡ್ರಮ್ಮಿನ ಪಕ್ಕ ಕೈ ತೊಳೆಯುವುದನ್ನು ಅಭ್ಯಾಸ ಮಾಡತೊಡಗಿದಳು. ನಗಬೇಡಿ. ಹುಟ್ಟಿದಾಗಿನಿಂದ ಕೈ ಹಿಂದಕ್ಕೆ ಎಳೆದುಕೊಂಡವರಿಗೆ ಅದು ಹಾವಿನ ಹುತ್ತಕ್ಕೆ ಕೈ ಹಾಕಿದ ಹಾಗೆ. ಮೊದಲ ದಿನ ಬೆರಳ ತುದಿ. ಮೂರನೇ ದಿನ ಅಂಗೈ. ತೊಳೆದಾದ ಮೇಲೆ ಲೋಟದ ತುಂಬ ನೀರು ಹಿಡಿದು, ಕೈ ಚಾಚಿ ನಿಂತು, ನೀರು ಅಲುಗುತ್ತದೆಯೇ ಎಂದು ನೋಡುತ್ತಿದ್ದಳು. ಅಲುಗಲಿಲ್ಲ. ಆದರೆ ಪಸ್ಮಾಗೆ ಅವಸರವಿಲ್ಲ ಎಂಬ ಮಾತು ಕಿವಿಯಲ್ಲಿತ್ತು. ಜೋಕು ಮಾಡಿ ನೋಡಿದಳು, ಡೈಲಾಗ್ ಹೊಡೆದು ನೋಡಿದಳು, ಆ ಮಾತು ಹೋಗಲಿಲ್ಲ.

ಎರಡನೇ ವಾರ ಲೋಲಾ ಡ್ರಮ್ಮಿನ ಪಕ್ಕದ ಸೋಪನ್ನು ಕಂಡುಹಿಡಿದಳು. ಮುಟ್ಟಿ ನೋಡಿದಳು, ಒದ್ದೆ. ಸೋಪು ಎತ್ತಿಕೊಂಡು ಬಂದು ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಮಾತೆ ಮರಿಯಾಳ ಪಟದ ಮುಂದೆ ಇಟ್ಟಳು. ತಪ್ಪಿತಸ್ಥನನ್ನು ಕೋರ್ಟಿಗೆ ಹಾಜರುಪಡಿಸಿದ ಹಾಗೆ. ಅದನ್ನು ಅಲ್ಲಿಂದ ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ. ಡೋಮಿಂಗ್ ಮೂರು ದಿನ ಸೋಪಿಲ್ಲದೆ ಸ್ನಾನ ಮಾಡಿದ.

ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಮಲಗಲು ಬರುತ್ತೇನೆ ಎಂದಿದ್ದ ಗೆಳತಿಗೆ ಸೀತಾಳೆ ಸಿಡುಬು ಎದ್ದಿತು. ಸೆಂಡಾ ಹೋಗುವಂತಿಲ್ಲ. ಡೋಮಿಂಗ್, "ನಾನು ಮಲಗ್ತೀನಿ, ಆದ್ರೆ ಕಚಗುಳಿ," ಎಂದ. ಅವನ ಕಚಗುಳಿ ಕೇರಿಗೇ ಗೊತ್ತು. ಕ್ಷೌರದ ಅಂಗಡಿಯಲ್ಲೂ ಕುರ್ಚಿಯಿಂದ ಬಿದ್ದವನು.

"ಡೋಮಿಂಗ್," ಎಂದಳು ಲೋಲಾ ತನ್ನ ಮೂಲೆಯ ಒಲೆಯಿಂದ. "ನಿನ್ನ ಮಗಳಿಗೆ ಹೇಳು. ನಾನು ಬರ್ತೀನಿ."

ಸೆಂಡಾ ಒಗ್ಗರಣೆಯ ಸೌಟು ಬಿಟ್ಟು ತಿರುಗಿದಳು.

"ಅಮ್ಮ, ನೀನು ಅಲ್ಲಿಗೆ ಹೋಗಿ ಏನು ಮಾಡ್ತೀಯ?" ಎಂದಳು ಸೆಂಡಾ.

"ಮಲಗ್ತೀನಿ. ಮಲಗಿ ನೋಡ್ತೀನಿ." ಈ ಸಲ ಡೋಮಿಂಗ್‌ನನ್ನು ಬಿಟ್ಟು ನೇರ ಯೋಲಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಎಣ್ಣೆ ಮೇಲೆ ಆಣೆ ಮಾಡಿದ ಕೈ, ನನ್ನ ಕಣ್ಣೆದುರಿಗೆ ಆ ನಲ್ಲಿ ಹೇಗೆ ತಿರುಗಿಸುತ್ತೋ ನೋಡ್ತೀನಿ."

ಇಂಟರ್ವಲ್ ಕಾರ್ಡ್ ಹಾಕಬೇಕಾದ ಜಾಗ ಅದು.

ಪರೀಕ್ಷೆಯ ದಿನ ಲೋಲಾ ಚರ್ಚಿಗೆ ಉಡುವ ಹೂವಿನ ಸ್ಕರ್ಟು ಉಟ್ಟು, ಹೆಗಲಿಗೆ ಕಂದು ಬಣ್ಣದ ಶಾಲು ಹೊದ್ದು, ಬಸ್ಸಿನಂತೆ ಜನ ಹತ್ತಿಸಿಕೊಂಡು ಓಡುವ ಜೀಪ್ನಿಯ ಕಿಟಕಿ ಪಕ್ಕ ಕೂತಳು. ಲುಸೇನಾವರೆಗೆ ಒಂದು ಗಂಟೆ, ಮುಖ ಕಿಟಕಿಯ ಕಡೆಗೇ. ಕಚೇರಿಯಲ್ಲಿ ಅದೇ ಕನ್ನಡಕದ ಮೇಡಂ. ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಲೋಲಾಳ ಕೈ ಹಿಡಿದು ಹಣೆಗೆ ಒತ್ತಿಕೊಂಡು ನಮಸ್ಕರಿಸಿದರು. ಆ ಕೈಯ ನಡುಕ ಅವರ ಹಣೆಗೂ ತಾಗಿರಬೇಕು, ಒಂದು ಗಳಿಗೆ ತಡೆದರು.

"ಅಜ್ಜಿ, ಬೋರಲಾಗಿ ಮಲಗಿ. ಮಾತಾಡಬಾರದು."

"ಇವತ್ತೇನು ಶುಭ ಶುಕ್ರವಾರಾನಾ?"

"ಅಜ್ಜಿ."

ಯೋಲಿ ಕೈ ತೊಳೆದಳು. ಇದು ಮೊದಲಿನ ತೊಳೆಯುವುದು, ಇದಕ್ಕೆ ಅಡ್ಡಿಯಿಲ್ಲ. ಬಟ್ಟೆ ಹೊದಿಸಿದಳು. ಅಂಗೈಗೆ ಎಣ್ಣೆ ಹಾಕಿಕೊಂಡು ಅಜ್ಜಿಯ ಬೆನ್ನಿನ ಮೇಲೆ ಇಟ್ಟಳು. ಆಗ ಅವಳಿಗೆ ಹೊಳೆಯಿತು: ಈ ಬೆನ್ನನ್ನು ತಾನು ಯಾವತ್ತೂ ಮುಟ್ಟಿಲ್ಲ. ಹತ್ತು ವರ್ಷ ಕೇರಿಯ ಬೆನ್ನುಗಳನ್ನೆಲ್ಲ ನೀವಿದ್ದಳು, ಇದೊಂದನ್ನು ಬಿಟ್ಟು. ಲೋಲಾ ತನ್ನ ಬೆನ್ನನ್ನು ಯಾರ ಕೈಗೂ ಕೊಟ್ಟವಳಲ್ಲ. ಯೋಲಿ ಹುಟ್ಟುವ ಮೊದಲೇ ಸತ್ತ ಲೋಲಾಳ ಅಮ್ಮನ ಕೈಯೇ ಕೊನೆ.

ಸೊಳ್ಳೆಯಂಥ ಮೈ ಎಂದೆನಲ್ಲ. ಬೆನ್ನು ಹಾಗಿರಲಿಲ್ಲ. ಒಣಗಿದ ಬಲೆಯ ಹಗ್ಗದ ಹಾಗಿತ್ತು. ಐವತ್ತು ವರ್ಷ ಬೇರೆಯವರಿಂದ ತೆಗೆದ ಉಳುಕುಗಳೆಲ್ಲ ಅಲ್ಲೇ ಬಂದು ಮನೆ ಮಾಡಿಕೊಂಡಿದ್ದವು. ಯೋಲಿಯ ಹೆಬ್ಬೆರಳು ಬಲ ಹೆಗಲಿನ ಕೆಳಗೆ, ಲೋಲಾ ಹೆಸರು ಕೇಳಿದ್ದ ಅದೇ ಮೂಳೆಯ ಅಂಚಿಗೆ ಹೋಗಿ, ಬಾಳೆಎಲೆಯ ಹಾಗೆ ಅಂಟಿ ನಿಂತಿತು.

"ಇನ್ನೂ ಕೆಳಗೆ," ಎಂದಳು ಲೋಲಾ.

"ಅಜ್ಜಿ, ಮಾತಾಡಬಾರದು."

"ಕೆಳಗಲ್ಲ ಲೋಲಾ," ಎಂದು ಯೋಲಿ ಪಿಸುಗುಟ್ಟಿದಳು. "ಇಲ್ಲೇ."

ಒತ್ತಿದಳು. ಲೋಲಾ ಉಸಿರು ಬಿಟ್ಟಳು. ಉದ್ದನೆಯ ಉಸಿರು, ಒಲೆಯಿಂದ ಇಳಿಸಿದ ಮಡಕೆಯ ಹಾಗೆ. ಆಮೇಲೆ ಮಾತಾಡಲಿಲ್ಲ.

ಇಲ್ಲಿಂದ ಮುಂದೆ ಕೇರಿ ಹೇಳುವ ಕಥೆ ಕೇಳಿ. ಮಾಲೀಶು ಮುಗಿಯಿತು. ಮೇಡಂ ನಲ್ಲಿಯತ್ತ ಬೆರಳು ತೋರಿಸಿ, "ತೊಳಿ" ಎಂದರು. ಯೋಲಿ ಎದೆ ಸೆಟೆದು ನಿಂತು ಹೇಳಿದಳು: "ಮೇಡಂ, ನಿಮ್ಮ ಹಾಳೆಯಲ್ಲಿ ಮೂವತ್ತು ಸಾಲು ಇರಬಹುದು. ಈ ಕೈಯಲ್ಲಿ ಇರೋದು ಒಂದೇ ಆಣೆ!" ಮೇಡಂ ಪೆನ್ನು ಎತ್ತಿದರು, ಫೇಲು ಬರೆಯಲು. ಆಗ ಟೇಬಲಿನ ಮೇಲಿಂದ ಲೋಲಾ ಎದ್ದು ಕೂತು, ಶಾಲು ಹೆಗಲಿಗೆ ಎಸೆದು, ನಡುಗುವ ಎರಡೂ ಕೈ ಮುಂದೆ ಚಾಚಿ ಅಂದಳು: "ಬರಿ ತಾಯಿ, ಬರಿ. ಆದ್ರೆ ಮೊದಲು ಇದನ್ನ ನೋಡಿ ಬರಿ!" ಮೇಡಂ ನೋಡಿದರು. ಕುರ್ಚಿಯಿಂದ ಎದ್ದರು. ಕನ್ನಡಕ ತೆಗೆದು ಕಣ್ಣು ಒರೆಸಿದರು. ಮೂವತ್ತನೇ ಸಾಲಿಗೆ ಟಿಕ್ ಹಾಕಿದರು. ಶುಭಂ.

ಲೋಲಾ ಸಾಯುವವರೆಗೆ, ಒಂಬತ್ತು ವರ್ಷ, ಚಾಪೆಯ ಮೇಲೆ ಬಿದ್ದ ಪ್ರತಿಯೊಂದು ಬೆನ್ನಿಗೂ ಈ ಕಥೆ ಹೇಳಿದಳು. ವರ್ಷದಿಂದ ವರ್ಷಕ್ಕೆ ಮೇಡಂ ಹೆಚ್ಚು ಅತ್ತರು. ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದ ಡೋಮಿಂಗ್ ಪ್ರತಿ ಸಲವೂ ಸರಿಯಾದ ಜಾಗದಲ್ಲಿ "ಅಬ್ಬಾ!" ಎನ್ನುತ್ತಿದ್ದ. ನಾನೂ ಊರೂರಲ್ಲಿ ಹೇಳಿದ್ದೇನೆ. ಈಗ ತಾನೇ ನಿಮಗೂ ಹೇಳಿದೆ.

ಸರಿ, ಒಪ್ಪಿಕೊಳ್ಳುತ್ತೇನೆ. ಲೋಲಾ ಹೋದ ಮೂರನೇ ವರ್ಷದ ಪ್ರಾರ್ಥನೆಯ ದಿನ, ಎಲ್ಲರೂ ಅಂಟು ಅಕ್ಕಿಯ ಸಿಹಿ ತಿಂದು ಹೋದ ಮೇಲೆ, ಮೆಟ್ಟಿಲ ಮೇಲೆ ಕೂತು ಯೋಲಿ ನನಗೆ ನಿಜ ಹೇಳಿದಳು. ಅಷ್ಟರಲ್ಲಿ ಅವಳದೇ ಬೋರ್ಡು, ಅವಳದೇ ನಾಲ್ಕು ಟೇಬಲು, ಕೈಕೆಳಗೆ ಮೂವರು ಹುಡುಗಿಯರು. ಆ ಹುಡುಗಿಯರು ಪ್ರತಿ ಮಾಲೀಶಿನ ನಂತರವೂ ಸೋಪು ಹಾಕಿ ಕೈ ತೊಳೆಯುತ್ತಾರೆ. ತೊಳೆದ ತಕ್ಷಣ ಹಿಡಿದುಕೊಳ್ಳಲು ಬೇಸಿನ್ ಪಕ್ಕ ಬಿಸಿ ಮಾಡಿದ ಒಣ ಟವೆಲುಗಳ ಡಬ್ಬಿ ಇರುತ್ತದೆ. ಯಾಕೆ ಎಂದು ಹೊಸ ಹುಡುಗಿ ಕೇಳಿದರೆ ಯೋಲಿ ಡೈಲಾಗ್ ಹೊಡೆದು ಮಾತು ಮರೆಸುತ್ತಾಳೆ.

ನಿಜ ಏನೆಂದರೆ, ಲೋಲಾ ಎದ್ದು ಕೂರಲೇ ಇಲ್ಲ. ಆ ಗಂಟು ಬಿಟ್ಟ ಐದೇ ನಿಮಿಷಕ್ಕೆ ಅವಳಿಗೆ ನಿದ್ದೆ ಬಂದಿತ್ತು. ನಲ್ಲಿಗೆ ಕಾವಲು ಕೂರಲು ಬಂದವಳು, ಬಾಯಿ ಅರ್ಧ ತೆರೆದು, ದಿಂಬಿನ ಮೇಲೆ ಜೊಲ್ಲು ಬಿಟ್ಟು, ದೋಣಿಯ ಇಂಜಿನ್ನಿನ ಹಾಗೆ ಗೊರಕೆ ಹೊಡೆಯುತ್ತಿದ್ದಳು. ಯೋಲಿ ಬೇಸಿನ್ ಮುಂದೆ ನಿಂತಳು. ಒಂದು ಡೈಲಾಗೂ ಬರಲಿಲ್ಲ. ಸದ್ದಾಗದಂತೆ ನಲ್ಲಿಯನ್ನು ಎಳೆಯಷ್ಟು ತಿರುಗಿಸಿ, ಬಿಸಿ ಕೈಯನ್ನು ತಣ್ಣೀರಿನಡಿ ಇಟ್ಟು, ಸೋಪು ಹಾಕಿ, ಮೊಣಕೈವರೆಗೆ, ಇಪ್ಪತ್ತು ಎಣಿಸಿ ತೊಳೆದಳು. ಸಾಲದು ಅನ್ನಿಸಿ ಇನ್ನೊಮ್ಮೆ ಇಪ್ಪತ್ತು ಎಣಿಸಿದಳು. ಮೇಡಂ ಎದ್ದದ್ದು ಊಟದ ಹೊತ್ತಾಗಿದ್ದಕ್ಕೆ. ಕನ್ನಡಕ ಒರೆಸಿದ್ದು ಅದಕ್ಕೆ ಎಣ್ಣೆಯ ಜಿಡ್ಡು ಹತ್ತಿದ್ದಕ್ಕೆ. "ಪಾಸು," ಎಂದು ಪಿಸುಗುಟ್ಟಿ, "ಅಜ್ಜಿಯನ್ನ ಹತ್ತು ನಿಮಿಷ ಎಬ್ಬಿಸಬೇಡ," ಎಂದು ಬಾಗಿಲು ಎಳೆದುಕೊಂಡು ಹೋದರು.

"ಮುಗೀತಾ?" ಎಂದಳು ಲೋಲಾ ಕಣ್ಣು ಬಿಟ್ಟು.

"ಮುಗೀತು. ಪಾಸು."

"ತೊಳೆದ್ಯಾ?"

"ಇಲ್ಲ ಲೋಲಾ."

ವಾಪಸಿನ ಜೀಪ್ನಿ ತುಂಬಿತ್ತು. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಬುಟ್ಟಿಯಲ್ಲಿ ಎರಡು ಕೋಳಿ ಇಟ್ಟುಕೊಂಡು ಕೂತಿದ್ದಳು. ಊರು ದಾಟಿದ ಮೇಲೆ ಲೋಲಾ ಕೇಳದೆಯೇ ಯೋಲಿಯ ಬಲಗೈ ಎಳೆದುಕೊಂಡು ಮೂಗಿನ ಹತ್ತಿರ ಹಿಡಿದಳು, ಹೊಸ ಎಣ್ಣೆಯನ್ನು ಮೂಸಿ ನೋಡುವ ಹಾಗೆ. ಕಚೇರಿಯ ಸೋಪಿಗೆ ಪಪಾಯಿಯ ವಾಸನೆ ಇತ್ತು. ಘಮ್ಮೆನ್ನುವ ವಾಸನೆ.

ಯೋಲಿ ಉಸಿರು ಹಿಡಿದಳು.

ಲೋಲಾ ಎರಡು ಸಲ ಮೂಸಿದಳು. ಎಡಗೈಯನ್ನೂ ಎಳೆದುಕೊಂಡಳು. ಎರಡನ್ನೂ ತನ್ನ ಮಡಿಲಲ್ಲಿ ಇಟ್ಟು, ಮೇಲೆ ಶಾಲು ಮುಚ್ಚಿ, ಶಾಲಿನ ಒಳಗೆ ತನ್ನ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಬಿಸಿ ಮಾಡಲು. ಆ ಕೈಗಳು ನಡುಗುತ್ತಿದ್ದವು. ದಾರಿಯುದ್ದಕ್ಕೂ ನಡುಗಿದವು, ಬಿಡಲಿಲ್ಲ.

"ಎಲ್ಲಿಗೆ ಹೋಗಿದ್ರಿ ಲೋಲಾ, ಇಷ್ಟು ಚೆನ್ನಾಗಿ ಡ್ರೆಸ್ ಮಾಡ್ಕೊಂಡು?" ಎಂದಳು ಕೋಳಿಯ ಹೆಂಗಸು.

"ಪರೀಕ್ಷೆಗೆ," ಎಂದಳು ಲೋಲಾ, ಇಡೀ ಜೀಪ್ನಿಗೆ ಕೇಳುವ ಹಾಗೆ. "ನನ್ನ ಮೊಮ್ಮಗಳು ಲೈಸೆನ್ಸು ತಗೊಂಡ್ಲು. ಒಂದು ಹನಿ ನೀರು ಮುಟ್ಟಲಿಲ್ಲ, ಗೊತ್ತಾ? ಕೇಳು, ಹೇಳ್ತೀನಿ. ಆ ಮೇಡಂ ಇದ್ಲಲ್ಲ, ಪೆನ್ನು ಹಿಡ್ಕೊಂಡು..."